ಆ್ಯಂಕಿ: ನಾಲ್ಕು ವರ್ಷ ಬಳಸಿದ ಮೇಲೆ

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಬಿಬಿಎಸ್‌ಗೆ ಬಂದವನು ನಾನು. ಮೊದಲ ವರ್ಷ ಬೆಳಿಗ್ಗೆ ಓದಿದ ಅನಾಟಮಿ ರಾತ್ರಿ ಮೆಸ್ಸಿಗೆ ಹೋಗುವಷ್ಟರಲ್ಲಿ ಮಾಯ. ಆಗ ಹಾಸ್ಟೆಲಿನ ಸೀನಿಯರ್ ಒಬ್ಬರು ಮೊಬೈಲಿಗೆ ಹಾಕಿಕೊಟ್ಟದ್ದು ಆ್ಯಂಕಿ, ಓದಿದ್ದನ್ನು ಪ್ರಶ್ನೋತ್ತರದ ಕಾರ್ಡುಗಳಾಗಿ ಮತ್ತೆ ಮತ್ತೆ ಕೇಳಿ ನೆನಪಿಡಿಸುವ ಆ್ಯಪ್. ಈಗ ಫೈನಲ್ ಇಯರ್, ಇನ್ನೂ ತೆಗೆದಿಲ್ಲ.

ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ, ಅಷ್ಟೇ. ನೆನಪಿದ್ದ ಕಾರ್ಡು ಕೆಲವು ದಿನ, ಆಮೇಲೆ ವಾರಗಳು, ತಿಂಗಳುಗಳು ಎಂದು ದೂರ ಸರಿಯುತ್ತದೆ. ಮರೆತದ್ದು ಸಾಲ ಕೊಟ್ಟವನ ಹಾಗೆ ಬೆನ್ನು ಬಿಡುವುದಿಲ್ಲ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡಿನಲ್ಲೂ ಪುಕ್ಕಟೆ. ಐಫೋನಿನವರು ಮಾತ್ರ ಸುಮಾರು 25 ಡಾಲರ್ ತೆರಬೇಕು.

ನಾನು ಮೊದಲು ಮಾಡಿದ ತಪ್ಪು: ಅಮೆರಿಕದ ಪರೀಕ್ಷೆಗೆಂದು ಯಾರೋ ಮಾಡಿಟ್ಟ ಸಾವಿರಾರು ಕಾರ್ಡುಗಳ ಡೆಕ್ ಇಳಿಸಿಕೊಂಡದ್ದು. ನಮ್ಮ ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮ ಅದರಲ್ಲೆಲ್ಲಿ ಸಿಗಬೇಕು? ಎರಡು ತಿಂಗಳಿಗೆ ಅಳಿಸಿ, ನಾನೇ ಬರೆಯತೊಡಗಿದೆ. ಉತ್ತರದ ಬದಿ ಕನ್ನಡದಲ್ಲಿ. ಟಿಬಿ ಔಷಧಿಗಳ ಅಡ್ಡಪರಿಣಾಮದ ಕಾರ್ಡುಗಳು ಹೀಗೆ. ಎಥಾಂಬ್ಯುಟಾಲ್: ಕಣ್ಣು ನೋಡು. ರಿಫಾಂಪಿಸಿನ್: ಮೂತ್ರ ಕಿತ್ತಳೆ. ಐಸೋನಿಯಾಜಿಡ್: ಕೈಕಾಲು ಜುಮುಜುಮು, ಪಿರಿಡಾಕ್ಸಿನ್ (ಬಿ6 ವಿಟಮಿನ್) ಕೊಡು. ಮುಂದೆ ಒಪಿಡಿಯಲ್ಲಿ ಟಿಬಿ ಮಾತ್ರೆ ನುಂಗುತ್ತಿದ್ದ ಅಜ್ಜ ‘ಕಾಲು ಜುಂ ಅಂತಾವ್ರಿ’ ಅಂದಾಗ ಅದೇ ಕಾರ್ಡು ಕಣ್ಣೆದುರು ಬಂತು.

ಎರಡನೇ ವರ್ಷದ ದೀಪಾವಳಿಗೆ ಊರಿಗೆ ಹೋಗಿ ಹತ್ತು ದಿನ ಆ್ಯಪ್ ತೆರೆಯಲಿಲ್ಲ. ವಾಪಸ್ ಬಂದರೆ 1,300 ಕಾರ್ಡು ಬಾಕಿ! ಅದು ನನ್ನದೇ ದುರಾಸೆ. ದಿನಕ್ಕೆ ಐವತ್ತು ಹೊಸ ಕಾರ್ಡು ಇಟ್ಟುಕೊಂಡಿದ್ದೆ. ಈಗ ಹದಿನೈದು ದಾಟುವುದಿಲ್ಲ, ಹಬ್ಬಕ್ಕೆ ವಾರ ಮುಂಚೆಯೇ ಹೊಸದನ್ನು ಪೂರ್ತಿ ನಿಲ್ಲಿಸುತ್ತೇನೆ.

ದುಡ್ಡು ಕೊಟ್ಟು ಒಂದು ವಿಡಿಯೋ ಕೋರ್ಸನ್ನೂ ತಗೊಂಡಿದ್ದೆ. ಪಾಠ ಚೆನ್ನಾಗಿತ್ತು, ಆದರೆ ಡಬಲ್ ಸ್ಪೀಡಿನಲ್ಲಿ ನೋಡುವಾಗ ಎಲ್ಲಾ ಅರ್ಥವಾದ ಹಾಗೆ ಅನಿಸುತ್ತಿತ್ತು, ವಾರ ಕಳೆದರೆ ತಲೆ ಖಾಲಿ. ಆಮೇಲೆ ಪ್ರತಿ ಪಾಠಕ್ಕೂ ಹತ್ತೇ ಕಾರ್ಡು ಎಂದು ಲೆಕ್ಕ ಹಾಕಿಕೊಂಡೆ. ಹಾಗೆಂದು ಅರ್ಥವಾಗದ ವಿಷಯವನ್ನು ಕಾರ್ಡಿಗೆ ಹಾಕಿದರೆ ಬಾಯಿಪಾಠ ಬರುತ್ತದೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ‘ಯಾಕೆ?’ ಎಂದರೆ ಮುಗಿಯಿತು. ಹತ್ತು ಅಂಕದ ದೀರ್ಘ ಪ್ರಶ್ನೆಗೂ ಇದು ಸಾಲದು. ಅದಕ್ಕೆ ಪೆನ್ನು ಹಿಡಿದು ಬರೆದೇ ಅಭ್ಯಾಸ ಮಾಡಬೇಕು.

ಈಗಷ್ಟೇ ಸೇರಿದವರು ಇಮೇಜ್ ಒಕ್ಲೂಷನ್ ಕಲಿತುಬಿಡಿ. ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಚಿತ್ರದಲ್ಲಿ ಹೆಸರುಗಳನ್ನು ಮುಚ್ಚಿ ಒಂದೊಂದೇ ಕೇಳುತ್ತದೆ. ನನಗೆ ಅದು ಗೊತ್ತಾದದ್ದು ಅನಾಟಮಿ ಪಾಸಾದ ಮೇಲೆ.