ಹಾರ್ವೆಸ್ಟರ್ ಏರ್ ಫಿಲ್ಟರ್: ಊದೋದಾ, ತೊಳೆಯೋದಾ, ಮುಟ್ಟದೇ ಬಿಡೋದಾ?

ಸೋಯಾ ಕಟಾವಿನ ಮಧ್ಯಾಹ್ನ. ಕಾಯಿ ಗರಿಗರಿ ಒಣಗಿದೆ, ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದೆ. ಮಿಷನ್ ಎಬ್ಬಿಸಿದ ದೂಳು ಹಿಂದೆ ಉಳಿಯದೆ ಮಿಷನ್ ಜೊತೆಗೇ ನಡೆದು ಬರುತ್ತದೆ. ಎಂಜಿನ್ ಉಸಿರಾಡುವುದು ಅದರೊಳಗೇ. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿ ಎಳೆಯುತ್ತಿದ್ದ ಎಂಜಿನ್ ಮಧ್ಯಾಹ್ನ ಎರಡಕ್ಕೆ ಏದುಸಿರು ಬಿಡುತ್ತದೆ. ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ, ಪಿಕಪ್ ಇಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದೆ.

ಈ ಕಾಟಕ್ಕೆ ಒಬ್ಬೊಬ್ಬ ಡ್ರೈವರ್ ಒಂದೊಂದು ಮದ್ದು ಹೇಳುತ್ತಾನೆ. ದಿನಾ ಗಾಳಿ ಹೊಡಿ ಅಂತ ಒಬ್ಬ, ಸೋಪಿನ ನೀರಲ್ಲಿ ತೊಳಿ ಅಂತ ಇನ್ನೊಬ್ಬ, ಗಾಳಿ ಎಳೆಯುವ ಬಾಯಿಗೆ ಬಟ್ಟೆ ಕಟ್ಟು ಅಂತ ಮತ್ತೊಬ್ಬ. ನಾಲ್ಕೈದು ಸುಗ್ಗಿಗಳಲ್ಲಿ ಇವನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದ್ದೇನೆ. ಎರಡೇ ಅಳತೆ ಇಟ್ಟುಕೊಂಡಿದ್ದೆ. ಫಿಲ್ಟರ್ ಎಷ್ಟು ಕಟ್ಟಿಕೊಂಡಿದೆ ಅಂತ ತೋರಿಸುವ ಗೇಜು ಕೆಂಪಿಗೆ ಬರಲು ಎಷ್ಟು ಹೊತ್ತು ಹಿಡಿಯಿತು? ಫಿಲ್ಟರ್ ದಾಟಿ ಎಂಜಿನ್ ಕಡೆಗೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ಹಾಕಿ ಒರೆಸಿದರೆ ಏನು ಸಿಕ್ಕಿತು? ಮೊದಲನೆಯದು ಕೆಲಸದ ಲೆಕ್ಕ, ಎರಡನೆಯದು ಎಂಜಿನ್ ಆಯುಸ್ಸಿನ ಲೆಕ್ಕ.

ಎಷ್ಟು ಗಾಳಿಯ ಮಾತು ಇದು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 6 ಲೀಟರ್ ಎಂಜಿನ್ ನಿಮಿಷಕ್ಕೆ 2200 ಸುತ್ತು ತಿರುಗುತ್ತಿದೆ. ಎರಡು ಸುತ್ತಿಗೊಮ್ಮೆ ಸಿಲಿಂಡರ್ ಎಲ್ಲ ತುಂಬುತ್ತವೆ. ಅಂದರೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದಿದ್ದರೂ ನಿಮಿಷಕ್ಕೆ 6600 ಲೀಟರ್ ಹತ್ತಿರ ಗಾಳಿ. ಟರ್ಬೊ ಇದ್ದರೆ ಇನ್ನೂ ಜಾಸ್ತಿ. ಇಷ್ಟು ಗಾಳಿಯಲ್ಲಿ ಚಿಟಿಕೆ ದೂಳು ಒಳಗೆ ನುಸುಳಿದರೂ ದಿನದ ಕೊನೆಗೆ ಅದು ಚಿಟಿಕೆ ಆಗಿ ಉಳಿಯುವುದಿಲ್ಲ. ಮಣ್ಣಿನ ದೂಳಿನಲ್ಲಿ ಮರಳಿನ ಅಂಶ ಇರುತ್ತದೆ. ಅದು ಸಿಲಿಂಡರಿನ ಒಳಗೋಡೆಯಾದ ಲೈನರ್ ಮತ್ತು ಪಿಸ್ಟನ್ ರಿಂಗನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತದೆ.

ಊದುವುದು ಮತ್ತು ಮುಟ್ಟದೇ ಬಿಡುವುದು

ಎಲ್ಲಕ್ಕಿಂತ ಜಾಸ್ತಿ ಜಗಳ ಇದರ ಬಗ್ಗೆಯೇ. ನಮ್ಮ ಡ್ರೈವರ್‌ಗೆ ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಒಮ್ಮೆ, ಸಂಜೆ ಒಮ್ಮೆ ಫಿಲ್ಟರ್ ತೆಗೆದು ಗಾಳಿ ಹೊಡೆಯದಿದ್ದರೆ ಸಮಾಧಾನ ಇಲ್ಲ. "ಅಣ್ಣ, ಎಷ್ಟು ದೂಳು ಬಂತು ನೋಡಿ" ಅಂತ ತೋರಿಸುವುದರಲ್ಲಿ ಅವನಿಗೊಂದು ಖುಷಿ. ದೂಳು ಬಂದಿದ್ದು ನಿಜ. ಆದರೆ ಗೇಜು ಇನ್ನೂ ಹಸಿರಿನಲ್ಲೇ ಇತ್ತು.

ಕಾಗದದ ಫಿಲ್ಟರ್ ಕೆಲಸ ಮಾಡುವ ಬಗೆ ಸ್ವಲ್ಪ ವಿಚಿತ್ರ. ಹೊಚ್ಚ ಹೊಸ ಫಿಲ್ಟರ್ ದೂಳು ಹಿಡಿಯುವುದರಲ್ಲಿ ಅದರ ಉತ್ತಮ ಸ್ಥಿತಿಯಲ್ಲಿ ಇರುವುದಿಲ್ಲ. ಮೇಲೆ ತೆಳ್ಳಗೆ ದೂಳಿನ ಪದರ ಕೂತ ಮೇಲೆ ಆ ಪದರವೇ ಇನ್ನೂ ಸಣ್ಣ ಕಣವನ್ನು ತಡೆಯುತ್ತದೆ. ದಿನಾ ಊದಿದರೆ ಆ ಪದರ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಜೊತೆಗೆ ಫಿಲ್ಟರ್ ಕೂರುವ ಡಬ್ಬಿ ಬಿಚ್ಚಿದಾಗಲೆಲ್ಲ ಮುಚ್ಚಳದ ಅಂಚಿನ ದೂಳು ಒಳಗಡೆ ಉದುರುವ ಅಪಾಯ.

ಒಂದು ಸುಗ್ಗಿಯಲ್ಲಿ ಒಂದೇ ಬಗೆಯ ಎರಡು ಹೊಸ ಫಿಲ್ಟರ್ ತಂದು ಪರೀಕ್ಷೆ ಮಾಡಿದೆ. ಮೊದಲನೆಯದಕ್ಕೆ ದಿನಕ್ಕೆರಡು ಸಲ ಗಾಳಿ. ಎರಡನೆಯದು ಹಾಕಿದ ಮೇಲೆ ಗೇಜು ಕೆಂಪಾಗುವವರೆಗೆ ಮುಟ್ಟಬಾರದು ಅಂತ ಡಬ್ಬಿಯ ಕ್ಲಿಪ್ಪಿಗೆ ತಂತಿ ಕಟ್ಟಿ ಬಿಟ್ಟೆ. ಡ್ರೈವರ್ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಎರಡೂ ಮುಗಿದ ಮೇಲೆ ಕತ್ತಲಲ್ಲಿ ಒಳಗೊಂದು ಬಲ್ಬ್ ಇಳಿಬಿಟ್ಟು ನೋಡಿದೆ. ಊದಿದ ಫಿಲ್ಟರ್‌ನಲ್ಲಿ ಕಾಗದದ ಮಡಿಕೆಯ ತುದಿಯಲ್ಲಿ ಎರಡು ಕಡೆ ಸೂಜಿಮೊನೆಯಷ್ಟು ಬೆಳಕು ಕಂಡಿತು. ಅದು ಇದ್ದಾಗ ಪೈಪು ಒರೆಸಿದ ಬಟ್ಟೆಯೂ ಕಂದು ಬಣ್ಣಕ್ಕೆ ತಿರುಗಿತ್ತು. ಮುಟ್ಟದ ಫಿಲ್ಟರ್ ನೋಡಲು ಅಸಹ್ಯವಾಗಿತ್ತು, ಆದರೆ ಬೆಳಕು ಎಲ್ಲೂ ತೂರಲಿಲ್ಲ, ಬಟ್ಟೆ ಬೆಳ್ಳಗೇ ಇತ್ತು. ಕೆಲಸದ ಗಂಟೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಂದರೆ ಅಷ್ಟು ಸಲ ಇಳಿದು ಹತ್ತಿ ಮಾಡಿದ್ದೆಲ್ಲ ಸುಮ್ನೆ.

ತಪ್ಪು ಗಾಳಿಯದ್ದಲ್ಲ, ಒತ್ತಡದ್ದು ಅಂತ ಡ್ರೈವರ್ ವಾದ. ಅದರಲ್ಲೂ ಸತ್ಯ ಇದೆ. ನಮ್ಮ ಕಂಪ್ರೆಸರ್ ಟಯರಿಗೆ ಗಾಳಿ ತುಂಬುವ ಒತ್ತಡದಲ್ಲಿ ಊದುತ್ತಿತ್ತು. ಊದಲೇಬೇಕು ಅಂದರೆ 30 ಪಿಎಸ್‌ಐ ದಾಟದ ಹಾಗೆ ಇಳಿಸಿಕೊಳ್ಳಿ. ಮಿಷನ್ ಪುಸ್ತಕದಲ್ಲಿ ಬೇರೆ ಮಿತಿ ಬರೆದಿದ್ದರೆ ಅದನ್ನೇ ಪಾಲಿಸಿ. ಒಳಗಿನಿಂದ ಹೊರಕ್ಕೆ, ಮಡಿಕೆಯ ಉದ್ದಕ್ಕೆ ಮೇಲೆ ಕೆಳಗೆ, ನಳಿಕೆ ಕಾಗದಕ್ಕೆ ತಾಗದ ಹಾಗೆ ಊದಬೇಕು. ಹೊರಗಿನಿಂದ ಊದಿದರೆ ದೂಳು ಕಾಗದದೊಳಕ್ಕೆ ಇನ್ನೂ ಆಳವಾಗಿ ಹೋಗಿ ಕೂರುತ್ತದೆ. ಫಿಲ್ಟರ್ ಮಾಡುವವರಲ್ಲೇ ಕೆಲವರು ಊದುವುದೇ ಬೇಡ, ಬದಲಾಯಿಸಿ ಅನ್ನುತ್ತಾರೆ. ನಾನು ಈಗ ಒಂದು ಫಿಲ್ಟರ್‌ಗೆ ಎರಡು ಸಲ ಮಾತ್ರ ಊದುತ್ತೇನೆ, ಅದೂ ಗೇಜು ಕೆಂಪಾದ ಮೇಲೆ. ಮೂರನೆಯ ಸಲಕ್ಕೆ ಹೊಸದು.

ಬಡಿಯುವುದು, ತೊಳೆಯುವುದು, ಬಟ್ಟೆ ಕಟ್ಟುವುದು

ಟಯರಿಗೆ ಫಿಲ್ಟರ್ ಬಡಿದು ದೂಳು ಉದುರಿಸುವುದನ್ನು ಹೋಲಿಕೆಗೇ ತರಬಾರದಿತ್ತು. ಒಂದೇ ವಾರದಲ್ಲಿ ತುದಿಯ ತಗಡು ಸೊಟ್ಟಗಾಯಿತು. ಸೊಟ್ಟಗಾದ ಫಿಲ್ಟರ್ ಡಬ್ಬಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಆಮೇಲೆ ಗಾಳಿ ಕಾಗದದ ಮೂಲಕ ಯಾಕೆ ಹೋಗುತ್ತದೆ, ಸಂದಿಯಲ್ಲೇ ಹೋಗುತ್ತದೆ ಅಲ್ವಾ?

ತೊಳೆಯುವುದು ಕೆಲವು ಫಿಲ್ಟರ್‌ಗೆ ನಡೆಯುತ್ತದೆ. ತೊಳೆಯಬಹುದು ಅಂತ ಬರೆದಿರುವಂಥದ್ದಕ್ಕೆ ಮಾತ್ರ. ನಾನು ತೊಳೆದದ್ದು ಒಣಗಲು ಎರಡು ದಿನ ಹಿಡಿಯಿತು. ಕಟಾವಿನ ಹೊತ್ತಿನಲ್ಲಿ ಎರಡು ದಿನ ಯಾರ ಹತ್ತಿರ ಇದೆ? ಅರೆಬರೆ ಒಣಗಿದ್ದನ್ನು ಹಾಕಿದರೆ ಒದ್ದೆ ಕಾಗದ ಎಳೆತಕ್ಕೆ ಹರಿಯುತ್ತದೆ. ಕೈಬಿಟ್ಟೆ.

ಗಾಳಿ ಎಳೆಯುವ ಬಾಯಿಗೆ ನೈಲಾನ್ ಕಾಲುಚೀಲ ಕಟ್ಟುವ ಉಪಾಯ ನೋಡಲು ಚೆನ್ನಾಗಿದೆ. ಮೆಕ್ಕೆಜೋಳದ ತೆಳ್ಳನೆಯ ಕೆಂಪು ಸಿಪ್ಪೆಯನ್ನು ಚೆನ್ನಾಗಿಯೇ ತಡೆಯಿತು. ಎಷ್ಟು ಚೆನ್ನಾಗಿ ಅಂದರೆ ಅರ್ಧ ಗಂಟೆಯಲ್ಲಿ ಬಾಯಿಯೇ ಮುಚ್ಚಿಹೋಗಿ ಗೇಜು ಕೆಂಪಾಯಿತು. ಸಣ್ಣ ದೂಳು ಮಾತ್ರ ಹಾಗೇ ಒಳಗೆ ಹೋಗುತ್ತಿತ್ತು. ಅರ್ಧ ಗಂಟೆಗೊಮ್ಮೆ ಕೆಳಗಿಳಿದು ಒದರಲು ತಯಾರಿರುವವರು ಕಟ್ಟಿಕೊಳ್ಳಬಹುದು.

ದೂಳು ಬಾಗಿಲಿಗೇ ಬರದ ಹಾಗೆ

ಫಿಲ್ಟರ್ ಬಿಚ್ಚಿ ಏನು ಮಾಡಬೇಕು ಅನ್ನುವ ತಲೆನೋವು ಬಿಟ್ಟು, ಫಿಲ್ಟರ್ ತನಕ ದೂಳು ಬರುವುದನ್ನೇ ಕಡಿಮೆ ಮಾಡಲು ಹೊರಟ ಮೇಲೆಯೇ ನಿಜವಾದ ವ್ಯತ್ಯಾಸ ಕಂಡಿದ್ದು. ಇಲ್ಲಿ ಮೂರು ದಾರಿ ಹಿಡಿದೆ.

ಮೊದಲನೆಯದು ಪೈಪು ಎತ್ತರಿಸುವುದು. ಗಾಳಿ ಎಳೆಯುವ ಬಾಯಿಯನ್ನು ಧಾನ್ಯದ ಟ್ಯಾಂಕಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದೆ. ನೆಲದ ದೂಳು ಮೇಲೆ ಹೋದಷ್ಟೂ ತೆಳುವಾಗುತ್ತದೆ. ಭತ್ತ, ಗೋಧಿಯಲ್ಲಿ ಗೇಜು ಕೆಂಪಾಗುವ ಹೊತ್ತು ಸುಮಾರು ಒಂದು ದಿನ ಮುಂದೆ ಹೋಯಿತು. ಸೋಯಾದಲ್ಲಿ ಅಷ್ಟೇನೂ ಪ್ರಯೋಜನ ಆಗಲಿಲ್ಲ, ಅದರ ದೂಳು ಹೊಗೆಯ ಹಾಗೆ ಮೇಲೇಳುತ್ತದೆ. ಹೆಚ್ಚಿನ ಪೈಪಿಗೆ ಹೆಚ್ಚಿನ ಜೋಡಣೆ ಬೇಕು, ಒಂದೊಂದು ಜೋಡಣೆಯೂ ಸೋರುವ ಜಾಗ. ಮರದ ಕೊಂಬೆಗೆ ಒಮ್ಮೆ ತಾಗಿಸಿಯೂ ಆಯಿತು.

ಎರಡನೆಯದು ತಿರುಗುವ ಪ್ರೀ ಕ್ಲೀನರ್. ಪೈಪಿನ ತುದಿಗೆ ಅಣಬೆಯ ಹಾಗೆ ಕೂರುತ್ತದೆ. ಒಳಗೆ ಬರುವ ಗಾಳಿಯೇ ಅದರ ಚಕ್ರವನ್ನು ತಿರುಗಿಸುತ್ತದೆ. ತೂಕದ ಕಣಗಳು ಸುತ್ತಿನ ರಭಸಕ್ಕೆ ಅಂಚಿಗೆ ಸರಿದು ಪಕ್ಕದ ಕಿಂಡಿಯಿಂದ ಆಚೆ ಹೋಗುತ್ತವೆ. ಕರೆಂಟು ಬೇಡ, ವೈರು ಬೇಡ, ಹಾಕಿದರೆ ಮುಗಿಯಿತು. ಮಣ್ಣಿನ ದೂಳು ಜಾಸ್ತಿ ಇರುವ ಹೊಲದಲ್ಲಿ ಇದು ಅದ್ಭುತ. ಪಕ್ಕದಿಂದ ಸಣ್ಣ ದೂಳಿನ ಎಳೆ ಹಾರುವುದು ಕಣ್ಣಿಗೇ ಕಾಣುತ್ತದೆ. ಆದರೆ ಎಂಜಿನ್ ಎಳೆಯುವ ಗಾಳಿಗೆ ಹೊಂದುವ ಅಳತೆಯದ್ದೇ ಬೇಕು. ದೊಡ್ಡದು ಹಾಕಿದರೆ ಚಕ್ರ ಸರಿಯಾಗಿ ತಿರುಗುವುದಿಲ್ಲ, ಚಿಕ್ಕದು ಹಾಕಿದರೆ ಎಂಜಿನ್ನಿಗೆ ಉಸಿರುಗಟ್ಟುತ್ತದೆ. ನಾನು ಮೊದಲು ತಂದದ್ದು ದೊಡ್ಡದು. ಹಗುರವಾದ ಹೊಟ್ಟಿನ ಮುಂದೆ ಇದು ಸೋಲುತ್ತದೆ, ಯಾಕೆಂದರೆ ಆಚೆ ಎಸೆಯಲು ಅದಕ್ಕೆ ತೂಕವೇ ಇಲ್ಲ. ಸೋಯಾ ಕಾಯಿಯ ನವಿರು ಚಕ್ರದ ಬುಡಕ್ಕೆ ಸುತ್ತಿಕೊಂಡು ಎರಡು ಸಲ ನಿಂತೇ ಹೋಯಿತು.

ಮೂರನೆಯದು ಸೈಲೆನ್ಸರ್ ಎಳೆತ. ಇದು ಅರ್ಥವಾಗಬೇಕಾದರೆ ಫಿಲ್ಟರ್ ಡಬ್ಬಿಯ ಅಡಿಯಲ್ಲಿರುವ ರಬ್ಬರ್ ತುಟಿಯಿಂದ ಶುರು ಮಾಡಬೇಕು. ನಮ್ಮ ಮಿಷನ್ನಿನ ಡಬ್ಬಿಯೊಳಗೇ ಗಾಳಿಯನ್ನು ಸುತ್ತಿಸಿ ದೂಳು ಬೇರೆ ಮಾಡುವ ಏರ್ಪಾಡು ಇದೆ. ಬೇರೆಯಾದ ದೂಳು ಅಡಿಯಲ್ಲಿ ಕೂತು, ಎಂಜಿನ್ ವೇಗ ಏರಿಳಿದಾಗ ಬಾತುಕೋಳಿ ಕೊಕ್ಕಿನ ಹಾಗಿರುವ ಆ ರಬ್ಬರ್ ತುಟಿ ತೆರೆದು ಹೊರಗೆ ಉದುರುತ್ತದೆ. ಕಟಾವಿನಲ್ಲಿ ಎಂಜಿನ್ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುತ್ತದೆ. ತುಟಿ ಅಪರೂಪಕ್ಕೆ ತೆರೆಯುತ್ತದೆ, ದೂಳು ತುಂಬಿ ವಾಪಸ್ಸು ಫಿಲ್ಟರ್ ಮೇಲೇ ಬೀಳುತ್ತದೆ. ಬೆರಳಲ್ಲಿ ಒಮ್ಮೆ ಹಿಚುಕಿದರೆ ಹಿಡಿ ದೂಳು ಸುರಿಯುತ್ತದೆ. ಎಷ್ಟೋ ಮಿಷನ್‌ಗಳಲ್ಲಿ ಈ ತುಟಿ ಹರಿದಿರುತ್ತದೆ ಅಥವಾ ಇರುವುದೇ ಇಲ್ಲ. ಆಗ ಅಲ್ಲಿಂದಲೇ ಗಾಳಿ ಒಳಗೆ ಬಂದು ದೂಳು ಬೇರೆಯಾಗುವ ಕೆಲಸವೇ ಕೆಡುತ್ತದೆ. ಬೇರೇನೂ ಮಾಡದಿದ್ದರೂ ಇದನ್ನೊಮ್ಮೆ ಇವತ್ತೇ ಹೋಗಿ ನೋಡಿ.

ಸೈಲೆನ್ಸರ್ ಎಳೆತದಲ್ಲಿ ಆ ತುಟಿ ತೆಗೆದು ಅಲ್ಲಿಂದ ಒಂದು ಪೈಪನ್ನು ಸೈಲೆನ್ಸರ್ ತುದಿಗೆ ಒಯ್ಯುತ್ತಾರೆ. ಅಲ್ಲಿ ಹೊಗೆಯ ದಾರಿಯನ್ನು ಕಿರಿದು ಮಾಡಿರುತ್ತಾರೆ. ಹೊಗೆ ಅಲ್ಲಿ ರಭಸದಿಂದ ಹೋಗುವಾಗ ಎಳೆತ ಹುಟ್ಟಿ, ಬೇರೆಯಾದ ದೂಳನ್ನು ಬಿಡುವಿಲ್ಲದೆ ಹೀರಿ ಹೊಗೆಯ ಜೊತೆ ಹೊರಗೆ ಹಾಕುತ್ತದೆ. ಲೋಡ್ ಜಾಸ್ತಿಯಾದರೆ ಹೊಗೆ ಜಾಸ್ತಿ, ಎಳೆತವೂ ಜಾಸ್ತಿ. ನನಗೆ ಬಹಳ ಹಿಡಿಸಿದ್ದು ಇದೇ. ಸೋಯಾದಲ್ಲಿ ದಿನಕ್ಕೊಮ್ಮೆ ಕೆಂಪಾಗುತ್ತಿದ್ದ ಗೇಜು ವಾರ ದಾಟಿತು.

ಇದರಲ್ಲೂ ಕಿರಿಕಿರಿ ಇಲ್ಲದಿಲ್ಲ. ಆ ಪೈಪಿನಲ್ಲಿ ಒಂದೇ ದಿಕ್ಕಿಗೆ ತೆರೆಯುವ ವಾಲ್ವ್ ಇರಬೇಕು. ಒಂದು ಸಲ ಅದು ತೆರೆದೇ ಸಿಕ್ಕಿಕೊಂಡು ಹೊಗೆ ಹಿಂದಕ್ಕೆ ಬಂದು ಫಿಲ್ಟರ್ ಮೇಲೆ ಮಸಿ ಕೂತಿತ್ತು. ದೂಳಾದರೆ ಊದಿದರೆ ಹೋಗುತ್ತದೆ, ಮಸಿ ಹೋಗುವುದಿಲ್ಲ, ಫಿಲ್ಟರ್ ಎಸೆಯಬೇಕಾಯಿತು. ಜೋಡಿಸುವ ಕೆಲಸ ಗೊತ್ತಿದ್ದವರೇ ಮಾಡಬೇಕು. ಸೈಲೆನ್ಸರ್ ಸುತ್ತ ಹೊಟ್ಟು ಸೇರದ ಹಾಗೂ ನೋಡಿಕೊಳ್ಳಬೇಕು. ಸೂರ್ಯಕಾಂತಿಯ ಹೊಟ್ಟು ಬಿಸಿ ಜಾಗದಲ್ಲಿ ಕೂತರೆ ಬೆಂಕಿ ಹಿಡಿಯುತ್ತದೆ, ಅದರ ಕಟಾವಿನಲ್ಲಿ ದಿನಕ್ಕೆ ಎರಡು ಮೂರು ಸಲ ಎಂಜಿನ್ ಸುತ್ತ ಊದುತ್ತೇವೆ.

ಹಳೆಯ ಮಿಷನ್ನಿನ ಎಣ್ಣೆ ಬಟ್ಟಲು

ನಮ್ಮ ಹಳೆಯ ಮಿಷನ್‌ನಲ್ಲಿ ಕಾಗದ ಇಲ್ಲ, ಆಯಿಲ್ ಬಾತ್ ಇದೆ. ಗಾಳಿ ಎಣ್ಣೆಯ ಮೇಲೆ ತಿರುಗಿ, ಎಣ್ಣೆ ಹತ್ತಿದ ಜಾಲರಿಯಲ್ಲಿ ಸಾಗುತ್ತದೆ. ಕಟ್ಟಿಕೊಂಡು ಎಂಜಿನ್ ನಿಲ್ಲುವ ರಗಳೆ ಕಡಿಮೆ, ಬಿಡಿಭಾಗ ಹುಡುಕುವ ಪಾಡೂ ಇಲ್ಲ. ಆದರೆ ಬಟ್ಟಲಿನ ಎಣ್ಣೆ ದೂಳಿನ ದಿನಗಳಲ್ಲಿ ಸಂಜೆಗೇ ಕೆಸರಾಗುತ್ತದೆ. ಗುರುತಿಗಿಂತ ಜಾಸ್ತಿ ತುಂಬಿದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಸಣ್ಣ ದೂಳು ಹಿಡಿಯುವುದರಲ್ಲಿ ಕಾಗದಕ್ಕೆ ಇದು ಸಾಟಿಯಲ್ಲ. ಬಿಳಿ ಬಟ್ಟೆ ಪ್ರತಿ ಸಲವೂ ಅದನ್ನೇ ಹೇಳಿತು.

ದೂಳು ದಾಟಿದ ಇನ್ನೊಂದು ಸಲ

ಒಮ್ಮೆ ಕಟಾವಿನ ನಡುವೆ ಅಸಲಿ ಫಿಲ್ಟರ್ ಸಿಗದೆ, ನೋಡಲು ಅದರ ತದ್ರೂಪಿನಂತಿದ್ದದ್ದನ್ನು ಒಂದು ಅಂಗಡಿಯಿಂದ ತಂದು ಹಾಕಿದೆ. ಉದ್ದ ಸರಿ, ಅಗಲ ಸರಿ, ಬಾಯಿಯ ರಬ್ಬರ್ ಮಾತ್ರ ಒಂದು ಕೂದಲು ಸಡಿಲ. ಗೇಜು ನಾಲ್ಕು ದಿನವಾದರೂ ಅಲುಗಲಿಲ್ಲ. ಎಂಥಾ ಒಳ್ಳೆ ಫಿಲ್ಟರ್ ಅಂತ ಖುಷಿಪಟ್ಟೆ! ಬಿಚ್ಚಿ ನೋಡಿದರೆ ದೊಡ್ಡ ಫಿಲ್ಟರ್ ಒಳಗೆ ಕಾವಲಿಗೆ ಇರುವ ಚಿಕ್ಕ ಫಿಲ್ಟರ್ ಮೇಲೆ ದೂಳಿನ ಪಟ್ಟೆ. ಅವತ್ತು ಎಂಜಿನ್ ಉಳಿಸಿದ್ದು ಆ ಚಿಕ್ಕ ಫಿಲ್ಟರ್. ಅದನ್ನು ಊದುವುದಾಗಲಿ ತೊಳೆಯುವುದಾಗಲಿ ಮಾಡಬಾರದು, ದೂಳು ಕಂಡರೆ ಹೊಸದೇ ಹಾಕಬೇಕು. ದೂಳಿನಲ್ಲಿ ಓಡಿಯೂ ಗೇಜು ಏರದಿದ್ದರೆ ಈಗ ನನಗೆ ಖುಷಿ ಆಗುವುದಿಲ್ಲ, ಅನುಮಾನ ಬರುತ್ತದೆ.

ಈಗ ಹೊಸ ಮಿಷನ್‌ನಲ್ಲಿ ಸೈಲೆನ್ಸರ್ ಎಳೆತ ಖಾಯಂ. ಹಳೆಯದಕ್ಕೆ ತಿರುಗುವ ಅಣಬೆ ಕೂರಿಸಿದ್ದೇನೆ, ಎಣ್ಣೆ ಎರಡು ದಿನಕ್ಕೊಮ್ಮೆ ಬದಲಿಸಿದರೆ ಸಾಕಾಗುತ್ತಿದೆ. ಎತ್ತರದ ಪೈಪು ಶೆಡ್ಡಿನ ಮೂಲೆಯಲ್ಲಿದೆ. ಗೇಜು ನೋಡಬೇಕಾದ್ದು ಪೂರ್ತಿ ಲೋಡಿನಲ್ಲಿ, ಸುಮ್ಮನೆ ನಿಂತಿರುವಾಗ ನೋಡಿದರೆ ಎಲ್ಲ ಫಿಲ್ಟರೂ ಹೊಸದರ ಹಾಗೇ ಕಾಣುತ್ತದೆ. ಟರ್ಬೊ ಇರುವ ಬಹಳಷ್ಟು ಡೀಸೆಲ್ ಎಂಜಿನ್‌ಗಳಿಗೆ ಗೇಜು ಅಳೆಯುವ ಎಳೆತದ ಮಿತಿ ನೀರನ್ನು 25 ಇಂಚು ಮೇಲೆತ್ತುವಷ್ಟು, ಅಂದರೆ 6 ಕಿಲೋಪ್ಯಾಸ್ಕಲ್‌ಗಿಂತ ತುಸು ಜಾಸ್ತಿ. ನಮ್ಮದರಲ್ಲಿ ಅಂಕಿ ಇಲ್ಲ, ಕೆಂಪು ಪಟ್ಟಿ ಮೇಲೆ ಬಂದು ಅಲ್ಲೇ ನಿಲ್ಲುತ್ತದೆ, ತಲೆಯ ಬಟನ್ ಒತ್ತಿದರೆ ಕೆಳಗಿಳಿಯುತ್ತದೆ.

ಹೋದ ಸುಗ್ಗಿಯ ಸೋಯಾ ಪೂರ್ತಿ ಮುಗಿಯುವಷ್ಟರಲ್ಲಿ ಡಬ್ಬಿ ಬಿಚ್ಚಿದ್ದು ಎರಡೇ ಸಲ. ಅದರಲ್ಲೂ ಎರಡನೆಯದು ಲೆಕ್ಕಕ್ಕಿಲ್ಲ. ಮೊದಲ ಸಲ ಬಿಚ್ಚಿ ಹಾಕಿದ ಮೇಲೆ ಆ ಬಟನ್ ಒತ್ತುವುದನ್ನು ನಾನೇ ಮರೆತಿದ್ದೆ.