ಸಮ್ನರ್ ಕೋರ್ಟ್‌ಹೌಸ್ ಟೂರ್: ಹೋಗ್ಲೇಬೇಕಾದ ಜಾಗ

ಅಮೆರಿಕದ ಮೆಂಫಿಸ್‌ಗೆ ಹೋದವ್ರು ಮಿಸಿಸಿಪ್ಪಿಯ ಈ ಪುಟ್ಟ ಊರಿಗೂ ಹೋಗಿ ಬನ್ನಿ, ಕಾರಲ್ಲಿ ಸುಮಾರು ಒಂದೂವರೆ ಗಂಟೆ. 1955ರಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನ ಕೊಂದವ್ರ ವಿಚಾರಣೆ ನಡೆದಿದ್ದು ಇಲ್ಲೇ. ಕೋರ್ಟ್ ಹಾಲ್‌ನ ಆಗ ಹೇಗಿತ್ತೋ ಹಾಗೇ ರಿಪೇರಿ ಮಾಡಿಟ್ಟಿದಾರೆ, ಎದುರಿಗೇ ಎಮೆಟ್ ಟಿಲ್ ಸೆಂಟರ್ ಇದೆ.

ಜ್ಯೂರಿಲಿದ್ದ 12 ಜನಾನೂ ಬಿಳಿ ಗಂಡಸರು, ಕಪ್ಪು ಪತ್ರಕರ್ತರಿಗೆ ಬೇರೆ ಟೇಬಲ್ಲು, ಅಂಥಾ ಕಡೆ ಹುಡುಗನಿಗೆ ಸಂಬಂಧದಲ್ಲಿ ಅಜ್ಜ ಆಗ್ಬೇಕಾದ ಮೋಸ್ ರೈಟ್ ಎದ್ದು ನಿಂತು ಆರೋಪಿಗಳ ಕಡೆ ಬೆರಳು ತೋರ್ಸಿದ್ರು, ಅಲ್ಲಿ ನಿಂತಾಗ ನಂಗೆ ಮಾತೇ ಹೊರಡ್ಲಿಲ್ಲ. 67 ನಿಮಿಷದಲ್ಲಿ ಖುಲಾಸೆ! ಮುಂದಿನ ವರ್ಷ ಆ ಆರೋಪಿಗಳೇ ದುಡ್ಡು ತಗೊಂಡು ಪತ್ರಿಕೆಗೆ ತಾವೇ ಕೊಂದಿದ್ದು ಅಂತ ಒಪ್ಕೊಂಡ್ರು.

2007ರಲ್ಲಿ ಊರಿನ ಕಪ್ಪು ಬಿಳಿ ಜನ ಸೇರಿ ಇದೇ ಕಟ್ಟಡದ ಮುಂದೆ ಅವ್ನ ಕುಟುಂಬದ ಕ್ಷಮೆ ಕೇಳಿದ್ರು. ಆದ್ರೂ ಹುಡುಗನ ಹೆಣ ಸಿಕ್ಕಿದ ನದಿ ಹತ್ರದ ಸ್ಮಾರಕ ಫಲಕಕ್ಕೆ ಪದೇ ಪದೇ ಗುಂಡು ಹೊಡೆದು, 2019ರಲ್ಲಿ ಗುಂಡು ತೂರದಂಥ ಸ್ಟೀಲ್ ಫಲಕ ಹಾಕ್ಬೇಕಾಯ್ತು. ಹೊಟ್ಟೆ ಉರಿಯುತ್ತೆ.

ಸ್ವಲ್ಪ ದೂರದ ಮನಿ (Money) ಅನ್ನೋ ಊರಲ್ಲಿ, ಹುಡುಗ ಬಿಳಿ ಹೆಂಗಸಿನ ಜೊತೆ ತಪ್ಪಾಗಿ ನಡ್ಕೊಂಡ ಅಂತ ಆರೋಪ ಹೊರಿಸಿದ್ದ ಅಂಗಡಿ ಪಾಳುಬಿದ್ದು ಬಳ್ಳಿ ಹಬ್ಕೊಂಡಿದೆ, ಅದನ್ನೂ ನೋಡಿ. ಕೋರ್ಟು ಈಗ್ಲೂ ನಡೆಯುತ್ತೆ, ಮೊದ್ಲೇ ಫೋನ್ ಮಾಡ್ಕೊಂಡು ಹೋಗಿ. ಐದಕ್ಕೆ ಐದು.