ತೀರ್ಮಾನಕ್ಕೆ 19 ದಿನ, ದುಡ್ಡಿಗೆ ಏಳು ತಿಂಗಳು: ಅಮೆರಿಕದ ಕಂಪ್ಯಾಷನೇಟ್ ಅಲೋವೆನ್ಸ್ ಬಗ್ಗೆ

ಸರ್ಕಾರಿ ಸೇವೆಗೆ ರಿವ್ಯೂ ಬರೆಯೋದು ವಿಚಿತ್ರ ಅನಿಸಬಹುದು. ಆದರೆ ಕಂಪ್ಯಾಷನೇಟ್ ಅಲೋವೆನ್ಸ್, ಅಂದರೆ ಘೋರ ಕಾಯಿಲೆಯವರು ಡಿಸಬಿಲಿಟಿ ಹಣಕ್ಕೆ ಹಾಕಿದ ಅರ್ಜಿಯನ್ನು ಬೇಗ ತೀರ್ಮಾನಿಸುವ ವ್ಯವಸ್ಥೆ, ನನಗೆ ಬೇಕಾಗಿದ್ದ ದಿನ ಇದರ ಬಗ್ಗೆ ಕನ್ನಡದಲ್ಲಿ ಏನೂ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರ್.

ಮಾರ್ಚ್ 9ಕ್ಕೆ ಅಣ್ಣನಿಗೆ ಆಫೀಸಿನಲ್ಲೇ ಫಿಟ್ಸ್ ಬಂತು. ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು, ಆಮೇಲೆ ಪೆಥಾಲಜಿ ರಿಪೋರ್ಟ್ ಬಂತು: ಗ್ಲಿಯೋಬ್ಲಾಸ್ಟೋಮಾ. ಮೆದುಳಿನ ಕ್ಯಾನ್ಸರ್‌ಗಳಲ್ಲೇ ಕೆಟ್ಟದ್ದು. ವಯಸ್ಸು 47, ಮಗಳಿಗೆ 11. ಆಸ್ಪತ್ರೆಯ ಸೋಶಿಯಲ್ ವರ್ಕರ್ ನಮ್ಮನ್ನು ಕೂರಿಸಿಕೊಂಡು "ಡಿಸಬಿಲಿಟಿಗೆ ಇವತ್ತೇ ಅರ್ಜಿ ಹಾಕಿ, ನಾಳೆ ಅನ್ನಬೇಡಿ" ಅಂದರು. ಅತ್ತಿಗೆಗೆ ಆ ಪದವೇ ಗಂಟಲಲ್ಲಿ ಇಳಿಯಲಿಲ್ಲ. "ಎದ್ದು ಓಡಾಡ್ತಿದಾರೆ, ಮಾತಾಡ್ತಿದಾರೆ. ಅಂಗವಿಕಲರು ಅಂತ ಹೇಗೆ ಬರೆಯೋದು?" ಅಂತ ಎರಡು ದಿನ ಸುಮ್ಮನಿದ್ದರು. ಇಲ್ಲಿ ಆ ಪದಕ್ಕೆ ಅರ್ಥವೇ ಬೇರೆ. ಕಾಯಿಲೆಯಿಂದ ಕನಿಷ್ಠ ಒಂದು ವರ್ಷ ಸರಿಯಾಗಿ ದುಡಿಯಲು ಆಗುವುದಿಲ್ಲ, ಅಥವಾ ಅದು ಜೀವಕ್ಕೇ ಅಪಾಯ ಅನ್ನುವಂತಿದ್ದರೆ ಸಾಕು.

ಸಾಮಾನ್ಯ ಅರ್ಜಿಗೆ ಉತ್ತರ ಬರಲು ಆರರಿಂದ ಎಂಟು ತಿಂಗಳು ಹಿಡಿಯುತ್ತದೆ ಅಂತ ಸೋಶಿಯಲ್ ಸೆಕ್ಯೂರಿಟಿಯವರೇ (ಈ ಹಣ ಕೊಡುವ ಸರ್ಕಾರಿ ಇಲಾಖೆ) ಹೇಳುತ್ತಾರೆ. ಕಂಪ್ಯಾಷನೇಟ್ ಅಲೋವೆನ್ಸ್ ಅನ್ನುವುದು ಆ ಕ್ಯೂ ದಾಟಿಸುವ ವ್ಯವಸ್ಥೆ. 2008ರಲ್ಲಿ 50 ಕಾಯಿಲೆಗಳ ಪಟ್ಟಿಯಿಂದ ಶುರುವಾಗಿ 2025ರಲ್ಲಿ 300 ಮುಟ್ಟಿದೆ. ಪ್ಯಾಂಕ್ರಿಯಾಸ್ ಕ್ಯಾನ್ಸರ್, ಎಎಲ್‌ಎಸ್ (ನರಗಳು ಸೋತು ಸ್ನಾಯುಗಳ ಶಕ್ತಿ ಹೋಗುವ ಕಾಯಿಲೆ), ಚಿಕ್ಕ ವಯಸ್ಸಿನಲ್ಲೇ ಬರುವ ಆಲ್‌ಝೈಮರ್, ಮಕ್ಕಳಿಗೆ ಬರುವ ಎಷ್ಟೋ ಅಪರೂಪದ ಕಾಯಿಲೆಗಳು, ಎಲ್ಲವೂ ಇವೆ. ಪಟ್ಟಿಯಲ್ಲಿರುವ ಕಾಯಿಲೆ ನಿಮಗಿದೆ ಅಂತ ಕಾಗದದಲ್ಲಿ ಸಾಬೀತಾದರೆ, ನೀವು ಕೆಲಸ ಮಾಡಬಲ್ಲಿರಾ ಇಲ್ಲವಾ ಅಂತ ಉದ್ದುದ್ದ ವಿಚಾರಣೆ ಇರುವುದಿಲ್ಲ.

ಇದಕ್ಕೆ ಬೇರೆ ಫಾರ್ಮ್ ಇಲ್ಲ, ಬೇರೆ ಕೌಂಟರ್ ಇಲ್ಲ. ಎಲ್ಲರೂ ಹಾಕುವ ಅರ್ಜಿಯನ್ನೇ ನೀವೂ ಹಾಕಬೇಕು, ಅದರಲ್ಲಿ ಬರೆದ ಕಾಯಿಲೆಯ ಹೆಸರು ನೋಡಿ ಅವರ ಸಾಫ್ಟ್‌ವೇರ್ ಅದನ್ನು ಪಕ್ಕಕ್ಕೆ ಎತ್ತಿಡುತ್ತದೆ. ಅಂದರೆ ಏನು ಬರೆಯುತ್ತೀರಿ ಅನ್ನುವುದರಲ್ಲೇ ಎಲ್ಲಾ ಇದೆ. ನಾನು ರಾತ್ರಿ ಒಂದು ಗಂಟೆಗೆ ಫಾರ್ಮ್ ತುಂಬುತ್ತಾ "ಬ್ರೈನ್ ಟ್ಯೂಮರ್, ತಲೆನೋವು, ಸುಸ್ತು" ಅಂತ ಬರೆದಿದ್ದೆ. ಬೆಳಿಗ್ಗೆ ಅತ್ತಿಗೆ ಓದಿ, ರಿಪೋರ್ಟ್ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿದ್ದ ಹೆಸರನ್ನೇ ಅಕ್ಷರ ಬಿಡದೆ ಬರೆಸಿದರು, ಗ್ರೇಡ್ 4 ಅನ್ನುವುದನ್ನೂ ಸೇರಿಸಿ. ಪುಣ್ಯಕ್ಕೆ ಅಷ್ಟರಲ್ಲಿ ಸಬ್ಮಿಟ್ ಒತ್ತಿರಲಿಲ್ಲ. ಪಟ್ಟಿಯ ಪ್ರತಿ ಕಾಯಿಲೆಗೂ ಅವರ ವೆಬ್‌ಸೈಟಿನಲ್ಲಿ ಒಂದೊಂದು ಪುಟ ಇದೆ, ಅದಕ್ಕಿರುವ ಬೇರೆ ಹೆಸರುಗಳು, ಯಾವ ಯಾವ ರಿಪೋರ್ಟ್ ನೋಡುತ್ತಾರೆ ಅನ್ನುವುದು ಅಲ್ಲೇ ಇರುತ್ತದೆ. ಫಾರ್ಮ್ ಮುಟ್ಟುವ ಮೊದಲು ಅದನ್ನು ಓದಿ.

ತೀರ್ಮಾನ ಮಾಡುವವರು ಸೋಶಿಯಲ್ ಸೆಕ್ಯೂರಿಟಿ ಆಫೀಸಿನವರಲ್ಲ, ಪ್ರತಿ ರಾಜ್ಯದಲ್ಲಿರುವ ಇನ್ನೊಂದು ಆಫೀಸು. ಅಲ್ಲಿಂದ ಐದನೇ ದಿನಕ್ಕೇ ಫೋನ್ ಬಂತು. ಆಕೆ ತುಂಬಾ ಮರ್ಯಾದೆಯಿಂದ ಮಾತಾಡಿದರು, ಪೆಥಾಲಜಿ ರಿಪೋರ್ಟ್ ಒಂದು ಕೈಗೆ ಸಿಕ್ಕರೆ ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಅಂದರು. ಎಡವಟ್ಟಾಗಿದ್ದು ಆಸ್ಪತ್ರೆಯ ಕಡೆಯಿಂದ. ರೆಕಾರ್ಡ್ಸ್ ವಿಭಾಗದವರು ಬಿಲ್ಲುಗಳು, ನರ್ಸ್ ಬರೆದ ಚೀಟಿಗಳು ಎಲ್ಲಾ ಸೇರಿಸಿ ದೊಡ್ಡ ಕಟ್ಟು ಕಳಿಸಿದ್ದರು, ಬೇಕಾಗಿದ್ದ ಎರಡು ಪುಟ ಬಿಟ್ಟು! ಕೊನೆಗೆ ನಾನೇ ಹೋಗಿ ಪ್ರತಿ ಇಸಿದುಕೊಂಡು, ಬಾರ್‌ಕೋಡ್ ಇರುವ ಪುಟವನ್ನು ಮೇಲಿಟ್ಟು ಫ್ಯಾಕ್ಸ್ ಮಾಡಿದೆ. ಹೌದು, ಫ್ಯಾಕ್ಸ್. ಈ ದೇಶದಲ್ಲಿ ಅದು ಇನ್ನೂ ಗಟ್ಟಿಯಾಗಿ ಬದುಕಿದೆ.

ಅರ್ಜಿ ಹಾಕಿದ 19ನೇ ದಿನಕ್ಕೆ ಮಂಜೂರು. ವಕೀಲರಿಲ್ಲ, ಖರ್ಚಿಲ್ಲ. ಇಲ್ಲಿಯವರೆಗೆ ಐದಕ್ಕೆ ಐದು.

ಇನ್ನು ದುಡ್ಡಿನ ವಿಷಯ. ಅಣ್ಣನಿಗೆ ಸಿಕ್ಕಿದ್ದು ಎಸ್‌ಎಸ್‌ಡಿಐ, ಅಂದರೆ ಸಂಬಳದಿಂದ ಕಡಿತವಾದ ತೆರಿಗೆಯ ಮೇಲೆ ನಿಂತಿರುವ ವಿಮೆ. ಇದರಲ್ಲಿ ಕಾಯಿಲೆ ಬಿದ್ದ ಮೇಲೆ ಐದು ಪೂರ್ತಿ ತಿಂಗಳು ಕಳೆಯಬೇಕು, ಆ ಐದು ತಿಂಗಳಿಗೆ ಪೈಸೆ ಇಲ್ಲ, ಅವುಗಳ ಬಾಕಿ ಅಂತ ಆಮೇಲೂ ಕೊಡುವುದಿಲ್ಲ. "ಪೂರ್ತಿ" ಅನ್ನುವುದನ್ನು ಗಮನಿಸಿ. ಮಾರ್ಚ್ 9ಕ್ಕೆ ಬಿದ್ದವನಿಗೆ ಮಾರ್ಚ್ ಲೆಕ್ಕಕ್ಕೇ ಇಲ್ಲ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಾಯುವುದು, ಸೆಪ್ಟೆಂಬರ್‌ನಿಂದ ಅರ್ಹತೆ, ಆ ತಿಂಗಳ ಹಣ ಮುಂದಿನ ತಿಂಗಳು. ಅಕ್ಟೋಬರಿನ ಎರಡನೇ ಬುಧವಾರ ಖಾತೆಗೆ ಬಿತ್ತು. ಅಣ್ಣ ಮೊಬೈಲ್ ನೋಡಿ "ಸಂಬಳ ಬಂತು ಕಣೋ" ಅಂದ. ಅಷ್ಟರಲ್ಲಿ ಅವನಿಗೆ ರೇಡಿಯೇಷನ್ ಮುಗಿದು, ಎಡಗೈ ಸ್ವಾಧೀನ ತಪ್ಪಿತ್ತು.

ಬೇಗ ಅನ್ನುವುದು ಬರೀ ತೀರ್ಮಾನಕ್ಕೆ, ದುಡ್ಡಿಗಲ್ಲ. ಇದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. ಆಫೀಸಿನವರ ತಪ್ಪಲ್ಲ, ಕಾನೂನೇ ಹಾಗಿದೆ. ಎಎಲ್‌ಎಸ್ ಬಂದವರಿಗೆ ಮಾತ್ರ ಈ ಐದು ತಿಂಗಳನ್ನು 2020ರ ಕೊನೆಯಲ್ಲಿ ಆದ ಕಾನೂನು ತೆಗೆದುಹಾಕಿತು. ಒಳ್ಳೆಯದೇ. ಆದರೆ ಗ್ಲಿಯೋಬ್ಲಾಸ್ಟೋಮಾದವರು ಏನು ಪಾಪ ಮಾಡಿದ್ದರು?

ಇದಕ್ಕಿಂತ ಹೊಟ್ಟೆ ಉರಿಸುವುದು ಮೆಡಿಕೇರ್, ಅಂದರೆ ಸರ್ಕಾರದ ಆರೋಗ್ಯ ವಿಮೆ. ಅರ್ಹತೆ ಶುರುವಾದ ಮೇಲೆ ಇನ್ನೂ 24 ತಿಂಗಳು ಕಾಯಬೇಕು. ಇಲ್ಲೂ ಎಎಲ್‌ಎಸ್‌ಗೆ ವಿನಾಯಿತಿ ಇದೆ, ಅದು 2001ರಿಂದಲೇ. ಗ್ಲಿಯೋಬ್ಲಾಸ್ಟೋಮಾ ಬಂದವರಲ್ಲಿ ಹೆಚ್ಚಿನವರು ಎರಡು ವರ್ಷ ದಾಟುವುದಿಲ್ಲ. "ನಿಮ್ಮ ಕಾಯಿಲೆ ಎಷ್ಟು ಘೋರ ಅಂತ ಗೊತ್ತು, ಅದಕ್ಕೇ ಬೇಗ ಒಪ್ಪಿದ್ದೇವೆ, ಇನ್ಶೂರೆನ್ಸ್‌ಗೆ ಎರಡು ವರ್ಷ ಬಿಟ್ಟು ಬನ್ನಿ" ಅಂದ ಹಾಗೆ, ಅಲ್ವಾ? ಒಂದೂವರೆ ಸ್ಟಾರ್ ನಾನು ಕಿತ್ತುಕೊಂಡಿದ್ದು ಇಲ್ಲೇ.

ಈ ನಡುವೆ ನಮ್ಮ ಕೈ ಹಿಡಿದಿದ್ದು ಕೋಬ್ರಾ, ಅಂದರೆ ಕೆಲಸ ಬಿಟ್ಟ ಮೇಲೂ ಕಂಪನಿಯ ಇನ್ಶೂರೆನ್ಸನ್ನು ನಿಮ್ಮದೇ ದುಡ್ಡಿನಲ್ಲಿ ಮುಂದುವರಿಸುವುದು. ಸಾಮಾನ್ಯವಾಗಿ 18 ತಿಂಗಳು. ಕೋಬ್ರಾದ ಮೊದಲ 60 ದಿನದೊಳಗೆ ಡಿಸಬಿಲಿಟಿ ಇತ್ತು ಅಂತ ಸೋಶಿಯಲ್ ಸೆಕ್ಯೂರಿಟಿ ಒಪ್ಪಿದ್ದರೆ ಇನ್ನೂ 11 ತಿಂಗಳು ಸೇರುತ್ತದೆ. 18 ಮತ್ತು 11 ಸೇರಿ 29. ಮೆಡಿಕೇರ್‌ಗೆ ಕಾಯುವ 5 ಮತ್ತು 24 ಕೂಡಿಸಿ ನೋಡಿ, 29. ಸರಿಯಾಗಿ ಅಷ್ಟೇ! ಆದರೆ ಮಂಜೂರಾತಿ ಪತ್ರ ಬಂದ 60 ದಿನದೊಳಗೆ ಪ್ಲಾನಿನವರಿಗೆ ತಿಳಿಸಬೇಕು, ಕೊನೆಯ 11 ತಿಂಗಳು ಪ್ರೀಮಿಯಂ ಒಂದೂವರೆ ಪಟ್ಟಿನವರೆಗೂ ಏರಬಹುದು. ಪತ್ರವನ್ನು ಫೈಲಿನಲ್ಲಿಟ್ಟು ಮರೆಯಬೇಡಿ.

ಯಾರಿಗೆ ಸಿಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. 47 ವಯಸ್ಸಿನವರಿಗಾದರೆ ಸುಮಾರು 25 ಕ್ರೆಡಿಟ್ (ತೆರಿಗೆ ಕಟ್ಟಿ ದುಡಿದದ್ದಕ್ಕೆ ಸಿಗುವ ಅಂಕ) ಬೇಕು, ಅದರಲ್ಲಿ 20 ಕಳೆದ ಹತ್ತು ವರ್ಷದ್ದಾಗಿರಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಕ್ರೆಡಿಟ್. ಚಿಕ್ಕವರಿಗೆ ಕಡಿಮೆ ಸಾಕು. ಎಚ್-1ಬಿ ವೀಸಾದಲ್ಲಿ ದುಡಿದ ವರ್ಷಗಳೂ ಸೇರುತ್ತವೆ, ಅಣ್ಣ ಗ್ರೀನ್ ಕಾರ್ಡ್ ಬಂದಮೇಲಿನದ್ದು ಮಾತ್ರ ಅಂದುಕೊಂಡಿದ್ದ. ಕ್ರೆಡಿಟ್ ಸಾಲದವರಿಗೆ ಎಸ್‌ಎಸ್‌ಐ ಅಂತ ಇನ್ನೊಂದಿದೆ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರಿಗೆ ಕೊಡುವ ನೆರವು. ಅದಕ್ಕೂ ಇದೇ ಕಾಯಿಲೆ ಪಟ್ಟಿ, ಐದು ತಿಂಗಳ ಕಾಯುವಿಕೆಯೂ ಇಲ್ಲ, ಆದರೆ ಒಬ್ಬರ ಉಳಿತಾಯ 2,000 ಡಾಲರ್ ಮೀರಬಾರದು. ಅಮೆರಿಕದ ಪ್ರಜೆಗಳಲ್ಲದವರಿಗೆ ಅದು ಸಿಗುವುದು ಬಹಳ ಕಷ್ಟ.

ಇನ್ನೊಂದು ಮರೆತಿದ್ದೆ. 18 ತುಂಬದ ಮಕ್ಕಳಿದ್ದರೆ ಅವರ ಹೆಸರಿನಲ್ಲೂ ತಿಂಗಳಿಗೆ ಒಂದು ಪಾಲು ಬರುತ್ತದೆ, ಅಪ್ಪ ಅಥವಾ ಅಮ್ಮನಿಗೆ ಬರುವುದರ ಅರ್ಧದವರೆಗೆ. ಅದಕ್ಕೆ ಬೇರೆ ಅರ್ಜಿ ಬೇಕು, ತಾನಾಗಿ ಬರುವುದಿಲ್ಲ. ನಮಗೆ ಗೊತ್ತಾಗಿದ್ದು ಜೂನ್‌ನಲ್ಲಿ. ಮಗುವಿನ ಬರ್ತ್ ಸರ್ಟಿಫಿಕೇಟ್ ಮೊದಲೇ ತೆಗೆದಿಟ್ಟುಕೊಳ್ಳಿ, ಝೆರಾಕ್ಸ್ ನಡೆಯುವುದಿಲ್ಲ.